ಸ್ಟಾಂಪಿಂಗ್ ಸಿಗದ ಮಗ, ಬಾಣಂತನಕ್ಕೆ ಹೋಗಲಾಗದ ಅಮ್ಮ: ವಲಸೆ ನಿಯಮ ಬಿಗಿಯಾದರೆ ಮಲೆನಾಡಿನ ಮನೆಗಳಲ್ಲಿ ಏನಾಗುತ್ತದೆ?

ಶಿವಮೊಗ್ಗದ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಈ ಮಾತು ಕಿವಿಗೆ ಬೀಳುತ್ತದೆ. "ಮಗ ಬಂದಿಲ್ವಾ?" "ಇಲ್ಲ ಮಾರಾಯ್ರೆ, ಸ್ಟಾಂಪಿಂಗ್ ತೊಂದರೆ." ಕೇಳಿದವರು ಎಲ್ಲ ತಿಳಿದವರ ಹಾಗೆ ತಲೆಯಾಡಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಕೇಳಿದವರಿಗೂ ಅರ್ಥವಾಗಿರುವುದಿಲ್ಲ, ಹೇಳಿದವರಿಗೂ ಅಷ್ಟಕ್ಕಷ್ಟೇ. ಹುಡುಗನಿಗೆ ಅಮೆರಿಕದಲ್ಲಿ ಒಳ್ಳೆಯ ಕೆಲಸ ಇದೆ. ಅಲ್ಲಿರಲು ಇನ್ನೂ ಎರಡು ವರ್ಷ ಅನುಮತಿ ಇದೆ. ಮನೆಯನ್ನೂ ಕೊಂಡಿದ್ದಾನೆ. ಇಷ್ಟೆಲ್ಲ ಇದ್ದೂ ಸ್ವಂತ ತಂಗಿಯ ಮದುವೆಗೆ ಬರಲು ಹೆದರುತ್ತಾನೆ ಎಂದರೆ ಏನು ಕಥೆ?

ವಲಸೆ ನೀತಿ ಬಿಗಿಯಾಯಿತು ಎಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಗಡೀಪಾರಿನ ಚಿತ್ರ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿದ್ದು, ಅವರ ಕೈಗೆ ಕೋಳ ಹಾಕಿದ್ದು ಎಲ್ಲ ಟಿವಿಯಲ್ಲಿ ಬಂತು. "ಅವರೆಲ್ಲ ಕಳ್ಳದಾರಿಯಲ್ಲಿ ಹೋದವರು, ನಮ್ಮ ಹುಡುಗರು ಹಾಗಲ್ಲ" ಎಂದು ನಮ್ಮ ಕಡೆಯ ಹಿರಿಯರು ಸಮಾಧಾನ ಮಾಡಿಕೊಂಡರು. ಆದರೆ ಬಿಗಿ ನಿಯಮ ಹೆಚ್ಚಿನವರನ್ನು ಮುಟ್ಟುವುದು ಹೊರಗೆ ಹಾಕುವ ಮೂಲಕವಲ್ಲ, ಇದ್ದಲ್ಲೇ ಕಟ್ಟಿಹಾಕುವ ಮೂಲಕ. ಅದರ ಭಾರ ಬೀಳುವುದು ಅರ್ಜಿಯಲ್ಲಿ ಹೆಸರಿರುವ ಒಬ್ಬನ ಮೇಲೆ ಮಾತ್ರವೂ ಅಲ್ಲ. ಹೆಂಡತಿ, 20 ದಾಟುತ್ತಿರುವ ಮಗಳು, ತೀರ್ಥಹಳ್ಳಿಯ ಮನೆಯಲ್ಲಿರುವ ಅಪ್ಪಯ್ಯ-ಅಮ್ಮ, ಎಲ್ಲರ ಮೇಲೂ ಬೀಳುತ್ತದೆ.

ವೀಸಾ ಬೇರೆ, ಇರುವ ಅನುಮತಿ ಬೇರೆ

ಇದೊಂದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಇರುವುದು ಅಮೆರಿಕದ ಒಳಗೆ ಕಾಲಿಡುವುದಕ್ಕೆ. ಕಾಲಿಟ್ಟ ಮೇಲೆ ಎಷ್ಟು ದಿನ ಇರಬಹುದು ಎನ್ನುವುದನ್ನು ಹೇಳುವುದು ಐ-94 ಎಂಬ ದಾಖಲೆ. ಪರಿಣತಿಯ ಕೆಲಸಕ್ಕೆ ಕಂಪನಿ ಮಾಡಿಸಿಕೊಡುವ ಎಚ್-1ಬಿ ಅನುಮತಿ ಮೊದಲಿಗೆ ಮೂರು ವರ್ಷಕ್ಕೆ ಸಿಗುತ್ತದೆ, ಆರು ವರ್ಷದವರೆಗೆ ವಿಸ್ತರಿಸಬಹುದು. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಅದರ ಅರ್ಜಿಯ ಮುಖ್ಯ ಹಂತವೊಂದು ಮುಗಿದಿದ್ದರೆ ಆರು ವರ್ಷ ದಾಟಿದ ಮೇಲೂ ಮುಂದುವರಿಯಬಹುದು. ಈ ವಿಸ್ತರಣೆಯನ್ನು ಅಮೆರಿಕದ ಒಳಗಿದ್ದುಕೊಂಡೇ ಕಂಪನಿ ಮಾಡಿಸುತ್ತದೆ, ಕಾಗದ ಮನೆಗೆ ಬರುತ್ತದೆ. ಆದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಅಂಟಿಸುವುದು ಹೊರದೇಶದಲ್ಲಿರುವ ಅಮೆರಿಕದ ಕಾನ್ಸುಲೇಟ್ ಮಾತ್ರ. ಇದನ್ನೇ ನಮ್ಮವರು ಸ್ಟಾಂಪಿಂಗ್ ಅನ್ನುವುದು.

ಟಾಕೀಸಿನಲ್ಲಿ ಟಿಕೆಟ್ ಹರಿದು ಒಳಗೆ ಬಿಟ್ಟ ಮೇಲೆ ಸಿನಿಮಾ ಮುಗಿಯುವ ತನಕ ಯಾರೂ ಏಳಿಸುವುದಿಲ್ಲ. ಮಧ್ಯೆ ಎದ್ದು ಹೊರಗೆ ಬಂದಿರೋ, ಮತ್ತೆ ಗೇಟಿನವನ ದಯೆ. ಪಾಸ್‌ಪೋರ್ಟಿನ ವೀಸಾ ಅವಧಿ ಮುಗಿದವನು ಅಮೆರಿಕದಲ್ಲಿ ವರ್ಷಗಟ್ಟಲೆ ಕಾನೂನುಬದ್ಧವಾಗಿಯೇ ಕೆಲಸ ಮಾಡುತ್ತಾನೆ. ಊರಿಗೆ ಬಂದರೆ ಮಾತ್ರ ಗೇಟಿನ ಮುಂದೆ ಹೊಸದಾಗಿ ನಿಲ್ಲಬೇಕು.

ಮೊದಲು ಈ ಗೇಟು ಅಷ್ಟೇನೂ ಕಷ್ಟದ್ದಾಗಿರಲಿಲ್ಲ. ಡ್ರಾಪ್‌ಬಾಕ್ಸ್ ಎಂಬ ವ್ಯವಸ್ಥೆ ಇತ್ತು. ಹಿಂದೊಮ್ಮೆ ವೀಸಾ ಪಡೆದವರು ಬೆಂಗಳೂರಿನ ಕೇಂದ್ರದಲ್ಲಿ ಪಾಸ್‌ಪೋರ್ಟ್ ಕೊಟ್ಟು ಶಿವಮೊಗ್ಗದ ಬಸ್ಸು ಹತ್ತಿದರೆ ಸಾಕು, ಸಂದರ್ಶನವೂ ಇಲ್ಲ. 2025ರ ಸೆಪ್ಟೆಂಬರ್ 2ರಿಂದ ಎಚ್-1ಬಿಯವರಿಗೂ ವಿದ್ಯಾರ್ಥಿಗಳಿಗೂ ಈ ಸೌಲಭ್ಯ ಹೋಯಿತು. ಅದೇ ತಿಂಗಳು ಇನ್ನೊಂದು ದಾರಿಯೂ ಮುಚ್ಚಿತು. ಭಾರತದಲ್ಲಿ ದಿನಾಂಕ ಸಿಗದಿದ್ದರೆ ಬೇರೊಂದು ದೇಶಕ್ಕೆ ಹೋಗಿ ಸ್ಟಾಂಪಿಂಗ್ ಮಾಡಿಸಿಕೊಳ್ಳುವವರಿದ್ದರು. ಈಗ ಸ್ವಂತ ದೇಶದಲ್ಲಿ ಇಲ್ಲವೇ ವಾಸವಿರುವ ದೇಶದಲ್ಲಿಯೇ ಅರ್ಜಿ ಹಾಕಬೇಕು. ಡಿಸೆಂಬರ್ 15ರಿಂದ ಎಚ್-1ಬಿ ಮತ್ತು ಅವರ ಕುಟುಂಬದ ಎಚ್-4 ಅರ್ಜಿದಾರರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್ ಖಾತೆಗಳನ್ನೆಲ್ಲ ನೋಡುತ್ತೇವೆ ಎಂದರು. ಒಬ್ಬೊಬ್ಬರ ಖಾತೆ ತಡಕಲು ಸಮಯ ಬೇಕಲ್ಲ. ಹಾಗಾಗಿ ಡಿಸೆಂಬರಿನ ಸಂದರ್ಶನಗಳನ್ನು ಮಾರ್ಚ್‌ಗೆ, ಕೆಲವನ್ನು ಅದಕ್ಕೂ ಆಚೆಗೆ ತಳ್ಳಿದರು.

ಡಿಸೆಂಬರ್ ಎಂದರೆ ಅಲ್ಲಿ ಕ್ರಿಸ್‌ಮಸ್ ರಜೆ, ಇಲ್ಲಿ ಮದುವೆಗಳು. ಮೂರು ವಾರದ ರಜೆ ಹಾಕಿ ಬಂದವರು ಮೂರು ತಿಂಗಳು ಸಿಕ್ಕಿಹಾಕಿಕೊಂಡರು. ನನ್ನ ಪರಿಚಯದ ಒಂದು ಮನೆಯಲ್ಲಿ ಮಗ ಮಹಡಿ ಮೇಲಿನ ಕೋಣೆಯಲ್ಲಿ ರಾತ್ರಿ ಎಂಟರಿಂದ ಬೆಳಗಿನ ಜಾವದವರೆಗೆ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದ. ವೀಸಾ ಅವಧಿ ಇನ್ನೂ ಉಳಿದಿದ್ದ ಹೆಂಡತಿ ಮಗುವಿನ ಶಾಲೆ ತಪ್ಪಬಾರದೆಂದು ಅವನನ್ನು ಬಿಟ್ಟು ಹೊರಟಿದ್ದಳು. ಅಮ್ಮನಿಗೆ ಒಳಗೊಳಗೇ ಖುಷಿ, ಮಗ ಇಷ್ಟು ದಿನ ಮನೆಯಲ್ಲಿ ಇದ್ದದ್ದೇ ಪಿಯುಸಿ ಆದಮೇಲೆ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಎದ್ದವನಿಗೆ ತೆಳ್ಳೇವು ಹೊಯ್ದು ಕೊಡುತ್ತ ಅದನ್ನು ಹೇಳಿಕೊಳ್ಳಲಾರದೆ ಒದ್ದಾಡುತ್ತಿದ್ದರು. ಅವನ ಕಂಪನಿ ಭಾರತದಿಂದ ಕೆಲಸ ಮಾಡಲು ಒಪ್ಪಿದ್ದು ಕೆಲವೇ ವಾರಗಳಿಗೆ. ಆಮೇಲೆ ಸಂಬಳವಿಲ್ಲದ ರಜೆ. ಅಲ್ಲಿನ ಮನೆಸಾಲದ ಕಂತಿಗೆ ರಜೆ ಇಲ್ಲ.

ಇದನ್ನೆಲ್ಲ ಕಂಡ ಉಳಿದವರು ಏನು ಮಾಡುತ್ತಾರೆ? ಬರುವುದನ್ನೇ ಬಿಡುತ್ತಾರೆ. ಮದುವೆ ಪಂಕ್ತಿಯ "ಸ್ಟಾಂಪಿಂಗ್ ತೊಂದರೆ" ಅಂದರೆ ಇಷ್ಟೇ.

ಮಹಾಲಯ ಅಮಾವಾಸ್ಯೆಯ ಆ ಎರಡು ದಿನ

2025ರ ಸೆಪ್ಟೆಂಬರ್ 19ರ ಶುಕ್ರವಾರ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಎಚ್-1ಬಿ ಅರ್ಜಿಯೊಂದಕ್ಕೆ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು, ಆಗಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಜಾರಿ ಯಾವಾಗಿನಿಂದ? ಅಮೆರಿಕದ ಪೂರ್ವ ಕರಾವಳಿಯ ಸಮಯ ಶನಿವಾರ ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ. ನಮಗೆ ಭಾನುವಾರ ಬೆಳಿಗ್ಗೆ 9.31.

ನಮ್ಮಲ್ಲಿ ಸುದ್ದಿ ಮುಟ್ಟುವಾಗ ಶನಿವಾರ ಬೆಳಗಾಗಿತ್ತು. ಮಾರನೆಯ ದಿನ ಮಹಾಲಯ ಅಮಾವಾಸ್ಯೆ, ಅದರ ಮಾರನೆಗೆ ನವರಾತ್ರಿ ಶುರು. ಪಿತೃಪಕ್ಷಕ್ಕೆ, ದಸರಾಕ್ಕೆ ಎಂದು ಊರಿಗೆ ಬಂದವರಿದ್ದರು. ಸಾಗರದಿಂದಲೋ ಹೊಸನಗರದಿಂದಲೋ ಹೊರಟು ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟುವುದಕ್ಕೇ ಏಳೆಂಟು ತಾಸು. ಅಲ್ಲಿಂದ ಅಮೆರಿಕಕ್ಕೆ ಏನಿಲ್ಲವೆಂದರೂ ಹದಿನಾರು ಹದಿನೇಳು ತಾಸು, ನಡುವೆ ಇಳಿದು ಹತ್ತುವುದಿದ್ದರೆ ಇನ್ನೂ ಹೆಚ್ಚು. ಯಾವ ಲೆಕ್ಕ ಹಾಕಿದರೂ ಕೂಡಿಬರುವುದಿಲ್ಲ. ಆದರೂ ಜನ ಹೊರಟರು, ಟಿಕೆಟ್ ದರ ಆಕಾಶಕ್ಕೆ ಏರಿತು. ಹೊರದೇಶದಲ್ಲಿರುವ ನೌಕರರು ತಕ್ಷಣ ವಾಪಸ್ ಬನ್ನಿ ಎಂದು ಕಂಪನಿಗಳ ಮೇಲ್ ಬೇರೆ.

ಇಲ್ಲಿ ಶನಿವಾರ ರಾತ್ರಿಯಾಗುವ ಹೊತ್ತಿಗೆ ಅಮೆರಿಕ ಸರ್ಕಾರದ ಸ್ಪಷ್ಟನೆ ಬರತೊಡಗಿತು. ಇದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗೆ ಅನ್ವಯಿಸುವುದಿಲ್ಲ. ಅಕ್ಟೋಬರ್ 20ರಂದು ಇನ್ನೊಂದು ವಿವರಣೆ ಬಂತು: ಅಮೆರಿಕದ ಒಳಗೇ ಓದುತ್ತಿರುವ ವಿದ್ಯಾರ್ಥಿ ಅಲ್ಲಿಂದಲೇ ಎಚ್-1ಬಿಗೆ ಬದಲಾದರೆ ಈ ಶುಲ್ಕವಿಲ್ಲ. ಅದೇ ಅರ್ಹತೆಯ ಹುಡುಗ ಶಿವಮೊಗ್ಗದಲ್ಲಿ ಕೂತಿದ್ದರೆ ಅವನ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು. ಒಳಗಿದ್ದವನು ಬಚಾವು, ಹೊರಗಿದ್ದವನು ಸಿಕ್ಕಿಬಿದ್ದ. ವಲಸೆ ನಿಯಮಗಳನ್ನು ಯಾವ ದಿಕ್ಕಿನಿಂದ ಓದಿದರೂ ಈ ಗೆರೆ ಮತ್ತೆ ಮತ್ತೆ ಎದುರಾಗುತ್ತದೆ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಎಚ್-1ಬಿ ದುರುಪಯೋಗ ಆಗಿಲ್ಲ ಎನ್ನಲು ಬರುವುದಿಲ್ಲ. ವರ್ಷಕ್ಕೆ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಓದಿದವರಿಗೆ ಇನ್ನೂ 20,000, ಇಷ್ಟಕ್ಕೆ ಲಾಟರಿ. 2023ರ ಲಾಟರಿಗೆ ಬಂದ ಏಳೂವರೆ ಲಕ್ಷಕ್ಕೂ ಹೆಚ್ಚಿನ ನೋಂದಣಿಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು, ಒಂದಕ್ಕಿಂತ ಹೆಚ್ಚು ಬಾರಿ ಹೆಸರು ಹಾಕಿಸಿದವರವು. ಒಬ್ಬನೇ ಹುಡುಗನಿಗೆ ನಾಲ್ಕೈದು ಕನ್ಸಲ್ಟೆನ್ಸಿಗಳು ಅರ್ಜಿ ಹಾಕುತ್ತಿದ್ದವು, ಅವುಗಳಲ್ಲಿ ನಮ್ಮವರು ನಡೆಸುವವೂ ಇದ್ದವು. ಮರುವರ್ಷ ಒಬ್ಬರಿಗೆ ಒಂದೇ ಚೀಟಿ ಎಂದು ನಿಯಮ ಬದಲಾಯಿಸಿದಾಗ ಸಂಖ್ಯೆ ಕುಸಿಯಿತು. ಅದು ಸರಿಯಾದ ಬಿಗಿ. ಸಂಬಳ ಹೆಚ್ಚಿದ್ದಷ್ಟೂ ಚೀಟಿ ಹೆಚ್ಚು ಎಂಬ 2026ರ ನಿಯಮ ಎಷ್ಟು ಸರಿ ಎಂಬುದರಲ್ಲಿ ನನಗೆ ಅನುಮಾನವಿದೆ. ಮೇಲಿನ ದರ್ಜೆಯ ಸಂಬಳದವನಿಗೆ ನಾಲ್ಕು ಚೀಟಿ, ಈಗಷ್ಟೇ ಓದು ಮುಗಿಸಿದವನಿಗೆ ಒಂದು. ಸಾಲ ತಲೆಯ ಮೇಲಿರುವುದು ಈ ಎರಡನೆಯವನಿಗೇ.

7 ಪರ್ಸೆಂಟಿನ ಲೆಕ್ಕ

"ಇಷ್ಟು ವರ್ಷ ಆಯ್ತು, ಗ್ರೀನ್ ಕಾರ್ಡ್ ಮಾಡಿಸಿಕೊಂಡುಬಿಡಬಾರದಾ?" ಎಂದು ಕೇಳುವವರಿಗೆ ಈ ಲೆಕ್ಕ ತೋರಿಸಬೇಕು. ಉದ್ಯೋಗದ ಆಧಾರದಲ್ಲಿ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್ ಸುಮಾರು 1,40,000. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ 7 ಪರ್ಸೆಂಟಿಗಿಂತ ಹೆಚ್ಚು ಇಲ್ಲ. ಅಂದರೆ 9,800. ಪುಟ್ಟ ಐಸ್‌ಲ್ಯಾಂಡಿಗೂ ಇದೇ ಮಿತಿ, 140 ಕೋಟಿಯ ಭಾರತಕ್ಕೂ ಇದೇ ಮಿತಿ. ಬೇರೆಯವರು ಬಳಸದೆ ಉಳಿದದ್ದು ಕೆಲವು ವರ್ಷ ನಮಗೆ ಹರಿದುಬರುತ್ತದೆ, ಅದನ್ನು ನಂಬಿ ಕೂರಲಾಗದು.

ಹೆಂಡತಿ ಮಕ್ಕಳೂ ಇದೇ 1,40,000ದೊಳಗೆ ಎಣಿಕೆಯಾಗುತ್ತಾರೆ ಎಂಬುದು ಹಲವರಿಗೆ ಗೊತ್ತಿಲ್ಲ. ನಾಲ್ಕು ಜನರ ಸಂಸಾರಕ್ಕೆ ನಾಲ್ಕು ಕಾರ್ಡ್ ಬೇಕು. ಸರದಿಯಲ್ಲಿರುವ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು. ಸ್ನಾತಕೋತ್ತರ ಪದವೀಧರರು ಹೆಚ್ಚಾಗಿ ನಿಲ್ಲುವ ಇಬಿ-2 ಎಂಬ ಸಾಲಿನಲ್ಲಿ 2025ರ ಡಿಸೆಂಬರ್ ಹೊತ್ತಿಗೆ ಸರದಿ ಬಂದದ್ದು 2013ರ ಮೇ ತಿಂಗಳ ನಡುವಿನವರೆಗೆ ಅರ್ಜಿ ಹಾಕಿದವರಿಗೆ. ಹಿಂದೆ ಇರುವವರ ಸಂಖ್ಯೆ ನೋಡಿದರೆ, ಈಗ ಸೇರಿದವನ ಪಾಳಿ ಅವನ ಆಯುಷ್ಯದೊಳಗೆ ಬರುತ್ತದೆಯೇ ಎನ್ನುವ ಪ್ರಶ್ನೆ ತಮಾಷೆಯದ್ದಲ್ಲ.

ಟ್ರಂಪ್ ಸರ್ಕಾರ ಬಂದ ಮೇಲೆ ಹುಟ್ಟಿಕೊಂಡ ಸಮಸ್ಯೆಯಲ್ಲ ಇದು. 7 ಪರ್ಸೆಂಟಿನ ಮಿತಿ 1990ರ ಕಾಯ್ದೆಯದು. ಸಾಲು ಉದ್ದವಾದಷ್ಟೂ ತಾತ್ಕಾಲಿಕ ವೀಸಾದ ಮೇಲೆ ಬದುಕುವ ವರ್ಷಗಳು ಹೆಚ್ಚುತ್ತವೆ. ತಾತ್ಕಾಲಿಕ ವೀಸಾದ ಒಂದೊಂದು ತಿರುಪನ್ನು ಬಿಗಿ ಮಾಡಿದಾಗಲೂ ನೋವು ಹತ್ತು ಹದಿನೈದು ವರ್ಷದಿಂದ ಅಲ್ಲೇ ಬೇರುಬಿಟ್ಟವರಿಗೆ. ಕೆಲಸ ಹೋದರೆ 60 ದಿನ. ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ಮನೆ ಮಾರಿ, ಮಕ್ಕಳನ್ನು ಶಾಲೆ ಬಿಡಿಸಿ ಹೊರಡಬೇಕು.

ಹೆಂಡತಿಯ ಕೆಲಸ, ಮಗಳ ವಯಸ್ಸು

ಶಿವಮೊಗ್ಗದಲ್ಲೇ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಮದುವೆಯಾಗಿ ಎಚ್-4 ಮೇಲೆ ಹೋದ ಹುಡುಗಿಯನ್ನು ಯೋಚಿಸಿ. ಅವಳು ಅಲ್ಲಿ ಕೆಲಸಕ್ಕೆ ಸೇರುವಂತಿಲ್ಲ. 2015ರಲ್ಲಿ ಒಂದು ಕಿಟಕಿ ತೆರೆಯಿತು: ಗಂಡನ ಗ್ರೀನ್ ಕಾರ್ಡ್ ಅರ್ಜಿಯ ಐ-140 ಹಂತ ಒಪ್ಪಿಗೆಯಾಗಿದ್ದರೆ ಹೆಂಡತಿಗೆ ಇಎಡಿ ಎಂಬ ಕೆಲಸದ ಪರವಾನಗಿ. ಅದನ್ನು ಆಗಾಗ ನವೀಕರಿಸಬೇಕು. ನವೀಕರಣ ತಡವಾದರೂ ಹಳೆಯ ಪರವಾನಗಿ 540 ದಿನದವರೆಗೆ ತಾನಾಗಿಯೇ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಅದಿಲ್ಲ. ಕಾರ್ಡಿನ ಮೇಲಿನ ದಿನಾಂಕ ಮುಗಿದು ಹೊಸದು ಬಂದಿರದಿದ್ದರೆ ಮಾರನೆಯ ದಿನ ಕೆಲಸಕ್ಕೆ ಹೋಗುವಂತಿಲ್ಲ. 180 ದಿನ ಮೊದಲೇ ನವೀಕರಣಕ್ಕೆ ಹಾಕಬಹುದು. ಹಾಕಬಹುದು ಏನು ಬಂತು, ಅದೇ ದಿನ ಹಾಕಬೇಕು.

ನಮ್ಮ ಕಡೆಯ ಮದುವೆ ಮಾತುಕತೆಗೂ ಇದು ನುಗ್ಗಿದೆ. ತೋಟ ನೋಡಿಕೊಂಡು ಊರಲ್ಲಿರುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಎಂಬ ಗೋಳು ಹಳೆಯದು. ಈಗ ಅಮೆರಿಕದ ವರನಿಗೂ ಅಡ್ಡಪ್ರಶ್ನೆ: "ಗ್ರೀನ್ ಕಾರ್ಡ್ ಇದೆಯಾ?" ಕೇಳುವುದು ಸರಿಯೇ, ಆದರೆ ಉತ್ತರ ಅಂದುಕೊಂಡಂತೆ ಇರುವುದಿಲ್ಲ. ಎಚ್-1ಬಿ ವರನ ಹೆಂಡತಿ ವಿವಾಹ ನೋಂದಣಿ ಪತ್ರ ಹಿಡಿದು ಎಚ್-4ಗೆ ಅರ್ಜಿ ಹಾಕಿದರೆ ಅವಳಿಗೆ ವಾರ್ಷಿಕ ಮಿತಿಯ ಸಾಲಿಲ್ಲ. ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಮದುವೆಯಾದವನ ಹೆಂಡತಿ ಎಫ್-2ಎ ಎಂಬ ಇನ್ನೊಂದು ಸಾಲಿನಲ್ಲಿ ನಿಲ್ಲಬೇಕು, ಅದಕ್ಕೆ ಸುಮಾರು ಎರಡು ವರ್ಷ ಹಿಡಿಯುತ್ತದೆ. ಹೆಚ್ಚು ಭದ್ರ ಎಂದುಕೊಂಡ ಸಂಬಂಧದಲ್ಲೇ ಮದುಮಗಳು ತವರಿನಲ್ಲಿ ಹೆಚ್ಚು ಕಾಲ ಕಾಯುತ್ತಾಳೆ.

ಮಕ್ಕಳದು ಇದಕ್ಕಿಂತ ಗಟ್ಟಿ ಸಂಕಟ. 2008ರಲ್ಲಿ ಶಿವಮೊಗ್ಗದಲ್ಲಿ ಹುಟ್ಟಿ, ನಾಲ್ಕನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಟೆಕ್ಸಸ್‌ಗೆ ಹೋದ ಹುಡುಗಿ ಇದ್ದಾಳೆನ್ನಿ. ಅವಳಿಗೆ 2029ಕ್ಕೆ 21 ತುಂಬುತ್ತದೆ. ಅಂದಿನಿಂದ ಅವಳು ಕಾನೂನಿನ ಕಣ್ಣಿಗೆ ಮಗು ಅಲ್ಲ. ಎಚ್-4 ಮುಗಿಯುತ್ತದೆ, ಅಪ್ಪನ ಗ್ರೀನ್ ಕಾರ್ಡ್ ಅರ್ಜಿಯಿಂದಲೂ ಹೆಸರು ಬಿದ್ದುಹೋಗಬಹುದು. ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ, ಊರು ಎಂದರೆ ಬೇಸಿಗೆ ರಜೆಯ ನೆನಪು. ಅಂಥವಳು ತಾನು ಬೆಳೆದ ಊರಲ್ಲೇ ವಿದೇಶಿ ವಿದ್ಯಾರ್ಥಿಯಾಗಿ ಎಫ್-1 ವೀಸಾ ಪಡೆಯಬೇಕು. 2002ರ ಕಾಯ್ದೆಯೊಂದು ಅರ್ಜಿ ಬಾಕಿಯಿದ್ದ ಕೆಲವು ದಿನಗಳನ್ನು ವಯಸ್ಸಿನಿಂದ ಕಳೆಯಲು ಬಿಡುತ್ತದೆ. ಆ ಲೆಕ್ಕವನ್ನು 2023ರ ಫೆಬ್ರವರಿಯಲ್ಲಿ ಮಕ್ಕಳಿಗೆ ಅನುಕೂಲವಾಗುವಂತೆ ಸಡಿಲಿಸಿದ್ದರು, 2025ರ ಆಗಸ್ಟ್ 15ರಿಂದ ಮತ್ತೆ ಹಳೆಯದಕ್ಕೆ ಮರಳಿಸಿದರು. ಯಾವ ಪಟ್ಟಿಯ ಯಾವ ದಿನಾಂಕ ಹಿಡಿದು ವಯಸ್ಸು ಎಣಿಸಬೇಕು ಎಂಬ ಕಚೇರಿಯ ತೀರ್ಮಾನದಲ್ಲಿ ಒಂದು ಸಂಸಾರ ಒಟ್ಟಿಗಿರುವುದು ಬಿಡುವುದು ನಿಂತಿದೆ. ಅದೇ ಮನೆಯಲ್ಲಿ ಅವಳ ತಮ್ಮ ಅಲ್ಲೇ ಹುಟ್ಟಿದವನು, ಅಮೆರಿಕದ ಪ್ರಜೆ. ಅವನಿಗೆ ಈ ಯಾವುದೂ ಇಲ್ಲ. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಹುಟ್ಟಿನಿಂದ ಬರುವ ಪೌರತ್ವ ಕೊಡಬಾರದು ಎಂಬ ಆದೇಶ 2025ರ ಜನವರಿ 20ರಂದು ಹೊರಟಿತು. ಕೆಳಗಿನ ಕೋರ್ಟುಗಳು ಅದನ್ನು ತಡೆದವು, ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ಎತ್ತಿಕೊಂಡಿತು.

ಊರಲ್ಲಿ ಉಳಿದವರು

ಇವರ ಹೆಸರು ಯಾವ ಅರ್ಜಿಯಲ್ಲೂ ಇರುವುದಿಲ್ಲ. "ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಇಟ್ಟುಕೊಳ್ಳಬಾರದಾ" ಎಂದು ನೆಂಟರು ಮಗನನ್ನು ದೂರುವುದನ್ನು ಕೇಳಿದ್ದೇನೆ. ಎಚ್-1ಬಿಯವನಿಗೆ ಆ ಹಕ್ಕಿಲ್ಲ, ಗ್ರೀನ್ ಕಾರ್ಡ್ ಇದ್ದವನಿಗೂ ಇಲ್ಲ. ಪೌರತ್ವ ಪಡೆದ, 21 ದಾಟಿದ ಮಗ ಅಥವಾ ಮಗಳು ಮಾತ್ರ ತಂದೆತಾಯಿಗೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಉಳಿದವರಿಗೆ ಇರುವುದು ಪ್ರವಾಸಿ ವೀಸಾ, ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು.

ಮಲೆನಾಡಿನ ಎಷ್ಟೋ ಅಮ್ಮಂದಿರು ಈ ಆರು ತಿಂಗಳಲ್ಲೇ ಮಗಳ ಬಾಣಂತನ ಮುಗಿಸಿ ಬಂದಿದ್ದಾರೆ. ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಬೆಳ್ಳುಳ್ಳಿ ಉಪ್ಪಿನಕಾಯಿ, ಮಗುವಿಗೆ ಹಳೇ ಪಂಚೆಯ ಬಟ್ಟೆ. ಅಪ್ಪಯ್ಯ ಕೊನೆಕೊಯ್ಲು ಮುಗಿಯದೆ ಹೊರಡುವಂತಿಲ್ಲ, ಹಾಗಾಗಿ ಅಮ್ಮ ಒಬ್ಬರೇ, ಇಂಗ್ಲಿಷ್ ಬಾರದಿದ್ದರೂ ದುಬೈನಲ್ಲಿ ವಿಮಾನ ಬದಲಾಯಿಸಿ ಹೋದವರಿದ್ದಾರೆ. ಮೊದಲ ಸಲದ ವೀಸಾಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾದಾಗ ನಮ್ಮವರು ಹಿಗ್ಗಿದರು, ಆದರೆ ಅದು ವೀಸಾ ಕೊಡುವ ಕೆಲಸ ಇಟ್ಟುಕೊಂಡು ತೆರೆದದ್ದಲ್ಲ. ಮೊದಲು 79 ದಾಟಿದವರಿಗೆ ಸಂದರ್ಶನದಿಂದ ವಿನಾಯಿತಿ ಇತ್ತು. ಸೆಪ್ಟೆಂಬರಿನ ಬದಲಾವಣೆಯಲ್ಲಿ ಅದೂ ಹೋಯಿತು. ಮೊಮ್ಮಗನನ್ನು ನೋಡುವ ಆಸೆಯ ಅಜ್ಜಿ ಮಂಡಿನೋವು ಕಟ್ಟಿಕೊಂಡು ಚೆನ್ನೈನ ಸಾಲಿನಲ್ಲಿ ನಿಲ್ಲಬೇಕು.

ಅತ್ತಲಿಂದ ಇತ್ತ ಬರುವುದು ನಿಂತದ್ದರ ಪರಿಣಾಮ ಸಾವಿನ ಮನೆಯಲ್ಲಿ ಕಾಣುತ್ತದೆ. ಹಿರಿಮಗ ಬರಲಾಗದಿದ್ದರೆ ತಮ್ಮನೋ ದಾಯಾದಿಯೋ ಚಿತೆಗೆ ಬೆಂಕಿ ಕೊಡುತ್ತಾರೆ, ಶಾಸ್ತ್ರ ಅದಕ್ಕೆ ದಾರಿ ಇಟ್ಟಿದೆ. ಈಗ ಅದಕ್ಕೆ ವಿಡಿಯೋ ಕಾಲ್ ಸೇರಿದೆ. ಜಗಲಿಯ ಕಂಬಕ್ಕೆ ಫೋನ್ ಒರಗಿಸಿ ಇಟ್ಟಿರುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ನಡುರಾತ್ರಿ, ಮಗ ಹೊದ್ದ ಪಂಚೆಯಲ್ಲಿ ಕೂತಿರುತ್ತಾನೆ, ಪುರೋಹಿತರು ಫೋನಿನ ಕಡೆ ತಿರುಗಿ ಗೋತ್ರ ಹೇಳಿಸುತ್ತಾರೆ, ನೆಟ್‌ವರ್ಕ್ ಹೋಗುತ್ತದೆ. ಹೊಸನಗರದ ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಹೋಗದೆ ಇನ್ನೇನು. ಊರವರು "ದುಡ್ಡಿನ ಆಸೆಗೆ ಅಪ್ಪನ ಕಾರ್ಯಕ್ಕೂ ಬರಲಿಲ್ಲ" ಅಂದುಬಿಡುತ್ತಾರೆ. ಬಂದರೆ ಹೆಂಡತಿ ಮಕ್ಕಳಿಂದ ಎಷ್ಟು ತಿಂಗಳು ದೂರವಾಗುತ್ತೇನೆ ಎಂಬ ಲೆಕ್ಕ ಅವನು ಮಾಡಿರುತ್ತಾನೆ, ಅದನ್ನು ಯಾರ ಮುಂದೆ ವಿವರಿಸುವುದು?

ಬಿಗಿ ನಿಯಮ ಹೀಗೆ ಜನರನ್ನು ಒಳಗೇ ಕಟ್ಟಿಹಾಕುತ್ತದೆ ಎಂಬುದು ನಮ್ಮವರ ಅನುಭವ ಮಾತ್ರವಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಾಸ್ ಮ್ಯಾಸಿ ಮೆಕ್ಸಿಕೋದಿಂದ ಬರುವ ಕೂಲಿಕಾರರನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಹಂಗಾಮಿಗೆ ಬಂದು ದುಡಿದು ಊರಿಗೆ ಮರಳುತ್ತಿದ್ದ ಗಂಡಸರು, 1990ರ ದಶಕದಲ್ಲಿ ಗಡಿ ಕಾವಲು ಬಿಗಿಯಾದ ಮೇಲೆ ಮರಳುವುದನ್ನೇ ನಿಲ್ಲಿಸಿದರು ಎಂಬುದನ್ನು ಅವರು ತೋರಿಸಿದರು. ಒಮ್ಮೆ ಹೋದರೆ ಮತ್ತೆ ದಾಟುವುದು ಕಷ್ಟ ಎಂದು ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಬಂದುಹೋಗುತ್ತಿದ್ದವರನ್ನು ಕಾಯಂ ಮಾಡಿದ್ದು ಗಡಿಯ ಬೇಲಿಯೇ. ಅದರ ಮೇಲೆ 1996ರ ಕಾಯ್ದೆ ಬೇರೆ: ಅನುಮತಿಯಿಲ್ಲದೆ ಒಂದು ವರ್ಷ ಇದ್ದು ದೇಶ ಬಿಟ್ಟವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಅಂಥವರು ತಾಯಿ ಸತ್ತರೂ ಹೊರಡುವುದಿಲ್ಲ. ಅಮೃತಸರದಲ್ಲಿ ಇಳಿದವರಿಗೂ ನಮ್ಮ ಎಂಜಿನಿಯರ್‌ಗಳಿಗೂ ನಡುವೆ ನಾವು ಎಳೆಯುವ ಗೆರೆ ಈ ಒಂದು ವಿಷಯದಲ್ಲಿ ಅಷ್ಟು ದಪ್ಪ ಇಲ್ಲ.

ತೋಟ ಅಡ ಇಡಲಾಗದ ಸಾಲ

ಓದಲು ಹೋಗುವವರದು ಬೇರೆ ಪಾಡು. 2024-25ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,63,019, ಬೇರೆಲ್ಲ ದೇಶಗಳಿಗಿಂತ ಹೆಚ್ಚು. ಎರಡು ವರ್ಷದ ಎಂಎಸ್‌ಗೆ 40-50 ಲಕ್ಷ ರೂಪಾಯಿ ಎನ್ನುವುದು ಸಾಮಾನ್ಯ ಮಾತಾಗಿದೆ. ಇಷ್ಟು ದೊಡ್ಡ ಸಾಲಕ್ಕೆ ಬ್ಯಾಂಕು ಆಧಾರ ಕೇಳುತ್ತದೆ. "ನಾಲ್ಕು ಎಕರೆ ಅಡಿಕೆ ತೋಟ ಇದೆ" ಎಂದು ಪಹಣಿ ಹಿಡಿದು ಹೋದ ಅಪ್ಪಯ್ಯನಿಗೆ ಅಲ್ಲಿ ಆಶ್ಚರ್ಯ ಕಾದಿರುತ್ತದೆ. ಸಾಲ ತೀರಿಸದವರ ಆಸ್ತಿಯನ್ನು ಕೋರ್ಟಿಗೆ ಹೋಗದೆ ಜಪ್ತಿ ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಬ್ಯಾಂಕಿಗೆ ತೋಟಕ್ಕಿಂತ ಪೇಟೆಯ ಮನೆ, ವಿನೋಬನಗರದ ಸೈಟು ಹೆಚ್ಚು ಇಷ್ಟ. ತೋಟದ ಮನೆಯವರು ಪೇಟೆಯಲ್ಲಿ ಮನೆ ಇರುವ ಅತ್ತಿಗೆಯ ಅಣ್ಣನನ್ನೋ ಸೋದರಮಾವನನ್ನೋ ಜಾಮೀನಿಗೆ ಒಪ್ಪಿಸುತ್ತಾರೆ. ಒಬ್ಬ ಹುಡುಗನ ವೀಸಾ ಮೂರು ಮನೆಗಳ ತಲೆನೋವಾಗುವುದು ಹೀಗೆ.

ಈ ಸಾಲದ ಲೆಕ್ಕವೆಲ್ಲ ನಿಂತಿರುವುದು ಓದು ಮುಗಿದ ಮೇಲೆ ಸಿಗುವ ಕೆಲಸದ ಅವಧಿಯ ಮೇಲೆ. ಓಪಿಟಿ ಎಂಬ ಈ ಅನುಮತಿಯ 12 ತಿಂಗಳು, ವಿಜ್ಞಾನ-ತಂತ್ರಜ್ಞಾನ ವಿಷಯದವರಿಗೆ ಮತ್ತೆ 24 ತಿಂಗಳು. ಡಾಲರಿನಲ್ಲಿ ದುಡಿದರೆ ಮೂರು ವರ್ಷದಲ್ಲಿ ಸಾಲ ತೀರುತ್ತದೆ. ಶಿವಮೊಗ್ಗಕ್ಕೆ ಮರಳಿ ರೂಪಾಯಿ ಸಂಬಳದಲ್ಲಿ ತೀರಿಸಲು ಹೊರಟರೆ ಮದುವೆಯ ವಯಸ್ಸು ದಾಟುತ್ತದೆ. 2025ರ ಏಪ್ರಿಲ್ ಹೊತ್ತಿಗೆ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಯನ್ನು, ಅಂದರೆ ಅವರು ಅಲ್ಲಿ ಓದುತ್ತಿದ್ದಾರೆ ಎಂದು ತೋರಿಸುವ ಸರ್ಕಾರಿ ನೋಂದಣಿಯನ್ನು, ಅಮೆರಿಕ ಇದ್ದಕ್ಕಿದ್ದಂತೆ ರದ್ದು ಮಾಡಿತು. ಎಷ್ಟೋ ಜನರ ಮೇಲಿದ್ದದ್ದು ಟ್ರಾಫಿಕ್ ದಂಡದಂಥ ಸಣ್ಣ ಕೇಸು. ಕೋರ್ಟುಗಳು ಸಾಲುಸಾಲಾಗಿ ತಡೆ ಕೊಟ್ಟ ಮೇಲೆ ಆ ತಿಂಗಳ ಕೊನೆಗೆ ದಾಖಲೆಗಳನ್ನು ಮರಳಿಸಿದರು. ಮೇ 27ರಿಂದ ಮೂರು ವಾರ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳೇ ನಿಂತಿದ್ದವು. ತರಗತಿ ಶುರುವಾಗುವುದು ಆಗಸ್ಟಿನಲ್ಲಿ.

ಬ್ರಿಟನ್, ಕೆನಡಾಗಳ ಕಥೆಯನ್ನು ಚುಟುಕಾಗಿ ಹೇಳಬಹುದು. ಬ್ರಿಟನ್ 2024ರ ಜನವರಿಯಿಂದ, ಸಂಶೋಧನೆಗೆ ಬಂದವರನ್ನು ಬಿಟ್ಟು ಉಳಿದ ಹೆಚ್ಚಿನ ವಿದ್ಯಾರ್ಥಿಗಳಿಗೆ ಗಂಡ-ಹೆಂಡತಿ-ಮಕ್ಕಳನ್ನು ಕರೆಸಿಕೊಳ್ಳಲು ಬಿಡುವುದಿಲ್ಲ. ಅದೇ ವರ್ಷ ಮಾರ್ಚ್ 11ರಿಂದ ವೃದ್ಧರ ಆರೈಕೆಗೆ ಬರುತ್ತಿದ್ದ ಕೇರ್ ವರ್ಕರ್‌ಗಳಿಗೂ ಬಿಡಲಿಲ್ಲ. ಅಲ್ಲಿಯ ಅಜ್ಜಂದಿರನ್ನು ನೋಡಿಕೊಳ್ಳಲು ಇಲ್ಲಿಯ ತಾಯಿ ತನ್ನ ಮಕ್ಕಳನ್ನು ಬಿಟ್ಟು ಹೋಗಬೇಕು ಎಂದಾಯಿತು. ಕೆನಡಾ 2024ರಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹಾಕಿತು, 2025ರ ಜನವರಿಯಿಂದ ವಿದ್ಯಾರ್ಥಿಗಳ ಸಂಗಾತಿಗೆ ಕೆಲಸದ ಪರವಾನಗಿಯನ್ನೂ ಕಡಿತ ಮಾಡಿತು. ಅಲ್ಲಿ ಮನೆ ಬಾಡಿಗೆ ಏರಿದ್ದಕ್ಕೆ ಜನರ ಸಿಟ್ಟು ನಿಜವಾದದ್ದೇ.

ಕೊಲ್ಲಿಯಲ್ಲಿ ಉಲ್ಟಾ

ಅಮೆರಿಕದ ಮಾತೇ ಕೇಳಿಸುವ ಗದ್ದಲದಲ್ಲಿ ಭದ್ರಾವತಿ, ಸಾಗರ, ಕೊಪ್ಪಗಳಿಂದ ಕೊಲ್ಲಿ ದೇಶಗಳಿಗೆ ಹೋದವರನ್ನು ನಾವು ಮರೆಯುತ್ತೇವೆ. ಡ್ರೈವರ್‌ಗಳು, ಎಲೆಕ್ಟ್ರಿಷಿಯನ್‌ಗಳು, ಅಂಗಡಿಯ ಸೇಲ್ಸ್‌ಮನ್‌ಗಳು. ಅಲ್ಲಿ ನಿಯಮ ಬಿಗಿಯಾದರೆ ಸಂಸಾರ ಒಳಗೆ ಸಿಕ್ಕಿಕೊಳ್ಳುವುದಿಲ್ಲ, ಒಡೆಯುತ್ತದೆ. ಸೌದಿ ಅರೇಬಿಯಾ 2017ರ ಜುಲೈನಿಂದ ವಿದೇಶಿ ನೌಕರರ ಕುಟುಂಬದ ಪ್ರತಿ ಸದಸ್ಯನಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು, ವರ್ಷಕ್ಕೆ 100ರಂತೆ ಏರಿಸುತ್ತ 2020ಕ್ಕೆ 400 ಮುಟ್ಟಿಸಿತು. ಹೆಂಡತಿ, ಇಬ್ಬರು ಮಕ್ಕಳು ಇದ್ದರೆ ತಿಂಗಳಿಗೆ 1,200, ವರ್ಷಕ್ಕೆ 14,400 ರಿಯಾಲ್. ಇಂದಿನ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿಗೂ ಮೇಲೆ. ಇದನ್ನು ಕಟ್ಟದೆ ಇಖಾಮಾ, ಅಂದರೆ ವಾಸದ ಪರವಾನಗಿ, ನವೀಕರಣವಾಗುವುದಿಲ್ಲ. ಯಾರನ್ನೂ ಹೋಗಿ ಎನ್ನಲಿಲ್ಲ, ಕೈಕೋಳ ಹಾಕಲಿಲ್ಲ. ಸಾಮಾನ್ಯ ಸಂಬಳದವರು ತಾವಾಗಿಯೇ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಹಂಚಿಕೊಂಡ ಕೋಣೆಗೆ ಮರಳಿದರು. ಜೆದ್ದಾದಲ್ಲಿ ಐದನೇ ಕ್ಲಾಸು ಓದುತ್ತಿದ್ದ ಮಗು ಇಲ್ಲಿಗೆ ಬಂದು ಕನ್ನಡ ಅಕ್ಷರ ಮೊದಲಿನಿಂದ ಕಲಿಯಿತು.

ಕಾಗದ ಪತ್ರದ ವಿಷಯ

ಬರಲಾಗದ ಮಕ್ಕಳಿರುವ ಮನೆಗಳಲ್ಲಿ ಕೊನೆಗೆ ಎದುರಾಗುವುದು ಜಮೀನಿನ ಪ್ರಶ್ನೆ. ಅಪ್ಪಯ್ಯ ಇರುವತನಕ ತೋಟ ನಡೆಯುತ್ತದೆ, ಆಳು ಸಿಗದಿದ್ದರೆ ಚೇಣಿಗೆ ಕೊಡುತ್ತಾರೆ. ಅವರ ನಂತರ ಪೌತಿ ಖಾತೆ, ಅಣ್ಣತಮ್ಮಂದಿರ ವಿಭಾಗ ಪತ್ರ, ಸಬ್ ರಿಜಿಸ್ಟ್ರಾರ್ ಕಚೇರಿಯ ಹೆಬ್ಬೆಟ್ಟು. ಅನಿವಾಸಿ ಭಾರತೀಯರು ಕೃಷಿ ಭೂಮಿ ಕೊಳ್ಳುವಂತಿಲ್ಲ, ಆದರೆ ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಅಮೆರಿಕದ ಪೌರತ್ವ ಪಡೆದ ಮಗನಿಗೂ ಪಿತ್ರಾರ್ಜಿತ ತೋಟ ಬರುತ್ತದೆ. ಮಾರುವುದಾದರೆ ಭಾರತದಲ್ಲೇ ವಾಸವಿರುವ ಭಾರತದ ಪ್ರಜೆಗೆ ಮಾರಬೇಕು.

ಮಗ ಬರುವ ದಾರಿ ಕಾಯುತ್ತ ಈ ಕೆಲಸಗಳನ್ನು ವರ್ಷಗಟ್ಟಲೆ ಮುಂದೂಡಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬರಬೇಕಾಗಿಯೇ ಇಲ್ಲ. ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಒಂದು ಮುಖ್ತ್ಯಾರ್ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಮಾಡಿಸಿ ಕಳಿಸಬಹುದು. ಎಲ್ಲ ಅಧಿಕಾರವನ್ನೂ ಬರೆದುಕೊಡದೆ ಇಂಥ ಸರ್ವೆ ನಂಬರಿನ ಇಂಥ ಕೆಲಸಕ್ಕೆ ಎಂದು ಬರೆಸುವುದು ಒಳ್ಳೆಯದು. ಹೊರದೇಶದಲ್ಲಿ ಬರೆದ ಇಂಥ ಪತ್ರ ಭಾರತಕ್ಕೆ ಬಂದು ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕೊರಿಯರ್‌ನ ಲಕೋಟೆಯನ್ನು ಎಸೆಯಬೇಡಿ, ಬಂದ ದಿನಾಂಕಕ್ಕೆ ಅದೇ ಪುರಾವೆ.